ಕಾರ್ಬನ್ ಬಿಟ್ಟು ಆಕ್ಸೈಡ್‌ಗೆ: ಇಂಧನ ಕೋಶದ ಪ್ಲಾಟಿನಂಗೆ ಯಾವ ಆಸರೆ ಬಾಳಿಕೆ ಬರುತ್ತದೆ?

ಪೊರೆ ಬಳಸುವ ಇಂಧನ ಕೋಶವನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮತ್ತೆ ಚಾಲೂ ಮಾಡಿದಾಗ, ಮೊದಲ ಒಂದೆರಡು ಸೆಕೆಂಡುಗಳಲ್ಲೇ ಒಳಗೊಂದು ಅನಾಹುತ ನಡೆದುಹೋಗುತ್ತದೆ. ನಿಂತಿದ್ದ ಹೊತ್ತಿನಲ್ಲಿ, ಹೈಡ್ರೋಜನ್ ಇರಬೇಕಾದ ಆನೋಡ್ ಕಡೆಗೂ ಗಾಳಿ ನುಸುಳಿ ಕೂತಿರುತ್ತದೆ. ಹೈಡ್ರೋಜನ್ ಬಿಟ್ಟ ಕೂಡಲೇ ಅದು ಒಂದು ತುದಿಯಿಂದ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ಹಾಗೆ ಬರುವಾಗ ಅರ್ಧ ಆನೋಡ್‌ನಲ್ಲಿ ಹೈಡ್ರೋಜನ್, ಉಳಿದರ್ಧದಲ್ಲಿ ಗಾಳಿ. ಗಾಳಿ ಇನ್ನೂ ಉಳಿದಿರುವ ಭಾಗದ ಎದುರಿಗಿರುವ ಕ್ಯಾಥೋಡ್‌ನ (ಗಾಳಿಯ ಆಕ್ಸಿಜನ್ ಬರುವ ಕಡೆಯ ಎಲೆಕ್ಟ್ರೋಡ್) ವೋಲ್ಟೇಜ್ ಆಗ 1.4–1.5 ವೋಲ್ಟ್ ವರೆಗೆ ಏರುತ್ತದೆ. (ಮುಂದೆ ಬರುವ ಎಲ್ಲ ವೋಲ್ಟೇಜೂ ಹೈಡ್ರೋಜನ್ ಎಲೆಕ್ಟ್ರೋಡ್‌ಗೆ ಹೋಲಿಸಿ ಹೇಳಿದ್ದು.) ಕೋಶದ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ಲಾಟಿನಂ ಕಣಗಳನ್ನು ಹೊತ್ತುಕೊಂಡಿರುವ ಕಾರ್ಬನ್ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಲು ಲೆಕ್ಕದ ಪ್ರಕಾರ 0.207 ವೋಲ್ಟ್ ಸಾಕು. ಅಂದರೆ ಕ್ಯಾಥೋಡ್‌ನಲ್ಲಿರುವ ಕಾರ್ಬನ್ ಯಾವಾಗಲೂ ಉರಿಯಲು ಸಿದ್ಧವಾಗಿಯೇ ಇರುತ್ತದೆ. ಆ ಕ್ರಿಯೆ ತೀರಾ ನಿಧಾನ ಅನ್ನುವುದೊಂದೇ ನಮ್ಮನ್ನು ಕಾಪಾಡುತ್ತಿರುವುದು. 1.4 ವೋಲ್ಟ್‌ನಲ್ಲಿ ಆ ನಿಧಾನ ಉಳಿಯುವುದಿಲ್ಲ, ಪಕ್ಕದಲ್ಲೇ ಪ್ಲಾಟಿನಂ ಇದ್ದರೆ ಇನ್ನೂ ಬೇಗ. ಕಾರ್ಬನ್ ಹೋದ ಮೇಲೆ 3 ನ್ಯಾನೊಮೀಟರ್‌ನ ಪ್ಲಾಟಿನಂ ಕಣಕ್ಕೆ ನಿಲ್ಲಲು ನೆಲವಿಲ್ಲ. ಅದು ಕಳಚಿಕೊಳ್ಳುತ್ತದೆ, ಇಲ್ಲವೇ ಪಕ್ಕದ ಕಣಕ್ಕೆ ಅಂಟಿ ದಪ್ಪವಾಗುತ್ತದೆ.

ಈಗಾಗಲೇ ಪೂರ್ತಿ ಆಕ್ಸೈಡ್ ಆಗಿರುವ ವಸ್ತುವನ್ನೇ ಆಸರೆ ಮಾಡಿಕೊಂಡರೆ ಉರಿಯಲು ಏನು ಉಳಿದೀತು? ಲೋಹದ ಆಕ್ಸೈಡ್‌ಗಳ ಹಿಂದೆ ಇಷ್ಟು ಜನ ಬಿದ್ದಿರುವುದು ಈ ಸರಳ ಪ್ರಶ್ನೆಯಿಂದ. ಪ್ರಯೋಗಾಲಯದಲ್ಲಿ ನಾವು ‘ಸಪೋರ್ಟ್’ ಅಂತಲೇ ಕರೆಯುವುದನ್ನು ಇಲ್ಲಿ ಆಸರೆ ಅನ್ನುತ್ತೇನೆ. ಯಾವ ಆಕ್ಸೈಡ್ ಆರಿಸಬೇಕು ಅಂತ ಹೊಸದಾಗಿ ಈ ಕೆಲಸಕ್ಕೆ ಬಂದವರು ಕೇಳುವಾಗಲೆಲ್ಲ ನಾನು ಹೇಳುವುದು ಒಂದೇ. ಕಾರ್ಬನ್ ಸೋಲುವುದು ಹೆಚ್ಚು ವೋಲ್ಟೇಜಿನಲ್ಲಿ. ಆಕ್ಸೈಡ್‌ಗಳೂ ಸೋಲುತ್ತವೆ, ಆದರೆ ಒಂದೊಂದೂ ಬೇರೆ ಬೇರೆ ವೋಲ್ಟೇಜಿನಲ್ಲಿ, ಬೇರೆ ಬೇರೆ ಬಗೆಯಲ್ಲಿ. ನಿಮ್ಮ ಆಸರೆ ಕೋಶದ ಯಾವ ಕಡೆ ಕೂರುತ್ತದೆ, ಅಲ್ಲಿ ಎಷ್ಟರಿಂದ ಎಷ್ಟರವರೆಗೆ ವೋಲ್ಟೇಜ್ ಏರಿಳಿಯುತ್ತದೆ ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ವಸ್ತುವಿನ ಹೆಸರು.

ನಿಜವಾಗಿ ಆಕ್ಸೈಡ್ ಬೇಕೇ?

ಇದನ್ನು ಕೇಳಿಕೊಳ್ಳದೆ ಮುಂದೆ ಹೋಗಬೇಡಿ. ಚಾಲೂ ಮಾಡುವಾಗ, ನಿಲ್ಲಿಸುವಾಗ ಅನಿಲಗಳನ್ನು ಬಿಡುವ ಕ್ರಮ ಬದಲಿಸಿ, ಹೈಡ್ರೋಜನನ್ನು ಬಹು ವೇಗವಾಗಿ ನುಗ್ಗಿಸಿ, ಆ ಹೊತ್ತಿನಲ್ಲಿ ಕೋಶಕ್ಕೊಂದು ರೆಸಿಸ್ಟರ್ ಜೋಡಿಸಿ ವೋಲ್ಟೇಜ್ ಏರದಂತೆ ಹಿಡಿಯಬಹುದು. ಹಾಗೆ ಮಾಡಲು ಸಾಧ್ಯವಿರುವ ಯಂತ್ರದಲ್ಲಿ, ಹೆಚ್ಚು ಶಾಖದಲ್ಲಿ ಕಾಯಿಸಿ ಗ್ರಾಫೈಟ್ ರೂಪಕ್ಕೆ ತಂದ ಕಾರ್ಬನ್ನೇ ಸಾಕಾಗಬಹುದು. ಅದು ಸಾಮಾನ್ಯ ಕಾರ್ಬನ್ ಮಸಿಗಿಂತ ಬಹಳ ನಿಧಾನವಾಗಿ ಸವೆಯುತ್ತದೆ. ಮೇಲ್ಮೈ ವಿಸ್ತೀರ್ಣ ಕಡಿಮೆಯಾಗುತ್ತದೆ, ಪ್ಲಾಟಿನಂ ಹಿಡಿದು ಕೂರಲು ಒರಟು ಜಾಗಗಳು ಕಮ್ಮಿ, ಆದರೂ ಗೊತ್ತಿರುವ ಹಾದಿ ಅದು.

ಇನ್ನೊಂದು ಮಾತು. ಗಾಡಿ ಓಡುವಾಗ ಲೋಡು ಏರಿಳಿದಂತೆ ಕ್ಯಾಥೋಡ್ 0.6ರಿಂದ 0.95 ವೋಲ್ಟ್ ನಡುವೆ ಓಲಾಡುತ್ತದೆ. ಆಗ ಕರಗುವುದು ಪ್ಲಾಟಿನಂ. ಅದನ್ನು ಯಾವ ಆಸರೆಯೂ ಪೂರ್ತಿ ತಡೆಯುವುದಿಲ್ಲ. ನಿಮ್ಮ ಕೋಶ ಹಾಳಾಗುತ್ತಿರುವುದು ಮುಖ್ಯವಾಗಿ ಇದರಿಂದ ಎಂದಾದರೆ ಆಕ್ಸೈಡ್‌ಗೆ ಕೈ ಹಾಕಿ ವರ್ಷಗಟ್ಟಲೆ ಕಳೆಯುವುದರಲ್ಲಿ ಅರ್ಥವಿಲ್ಲ. ಪೊರೆಯ ಒಳಗೆ ಪ್ಲಾಟಿನಂ ಪಟ್ಟಿ ಕಟ್ಟಿದೆಯೇ, ಅಥವಾ ಕ್ಯಾಥೋಡ್ ಪದರವೇ ತೆಳುವಾಗಿ ಕುಸಿದಿದೆಯೇ ಅಂತ ಹಳೆಯ ಕೋಶವನ್ನು ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಪದರ ಕುಸಿದಿದ್ದರೆ ಕಾರ್ಬನ್ ಉರಿದಿದೆ ಅಂತ ಅರ್ಥ. ಆಗ ಮುಂದಕ್ಕೆ ಓದಿ.

ಅಂಕಿಗಳು ಮೋಸ ಮಾಡುವ ಎರಡು ಜಾಗ

ಆಕ್ಸೈಡ್‌ಗಳನ್ನು ಹೋಲಿಸುವಾಗ ಎಲ್ಲರ ಕಣ್ಣು ಹೋಗುವುದು ಗ್ರಾಂಗೆ ಎಷ್ಟು ಚದರ ಮೀಟರ್ ಅನ್ನುವುದರ ಕಡೆಗೆ. ಎಲ್ಲರೂ ಬಳಸುವ ವಲ್ಕನ್ ಎಂಬ ಕಾರ್ಬನ್‌ಗೆ ಸುಮಾರು 250. ಒಳ್ಳೆಯ ತವರದ ಆಕ್ಸೈಡ್ ಪುಡಿಗೆ 40 ಇರಬಹುದು. ಆರು ಪಟ್ಟು ಕಡಿಮೆ ಅಂತ ನೋಡಿ ಕೈಬಿಡುವವರಿದ್ದಾರೆ. ಆದರೆ ತವರದ ಆಕ್ಸೈಡ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಹತ್ತಿರಹತ್ತಿರ 7 ಗ್ರಾಂ, ಕಾರ್ಬನ್‌ನದ್ದು 2ರ ಆಸುಪಾಸು. ಅದೇ ಗಾತ್ರಕ್ಕೆ ಲೆಕ್ಕ ಹಾಕಿದರೆ ಒಂದು ಕಡೆ 280, ಇನ್ನೊಂದು ಕಡೆ 500. ಆರು ಪಟ್ಟಿನ ಅಂತರ ಎರಡು ಪಟ್ಟಿಗೂ ಕೆಳಗೆ ಇಳಿಯಿತು. ಕೋಶದೊಳಗೆ ಎಲೆಕ್ಟ್ರೋಡ್ ಕೂರುವುದು ತೂಕದಲ್ಲಲ್ಲ, ಜಾಗದಲ್ಲಿ.

ಇದೇ ಲೆಕ್ಕ ಇನ್ನೊಂದು ಕಡೆ ನಮ್ಮನ್ನೇ ಕಚ್ಚುತ್ತದೆ. ಕಾರ್ಬನ್ ಮೇಲೆ ಶೇ. 20 ತೂಕದ ಪ್ಲಾಟಿನಂ ಇಡುವುದು ರೂಢಿ. ಒಂದು ಗ್ರಾಂ ಕಾರ್ಬನ್‌ಗೆ ಕಾಲು ಗ್ರಾಂ ಪ್ಲಾಟಿನಂ, ಅಂದರೆ ಚದರ ಮೀಟರಿಗೆ 1 ಮಿಲಿಗ್ರಾಂ. ಅದೇ ಶೇ. 20 ಅನ್ನು 40 ಚದರ ಮೀಟರಿನ ಆಕ್ಸೈಡ್ ಮೇಲೆ ಇಟ್ಟರೆ ಚದರ ಮೀಟರಿಗೆ 6 ಮಿಲಿಗ್ರಾಂ ದಾಟುತ್ತದೆ. ಕಣಗಳು ಒಂದರ ಮೈಮೇಲೊಂದು ಬೀಳುತ್ತವೆ. ಕಾರ್ಬನ್‌ನಷ್ಟೇ ಅಂತರ ಬೇಕೆಂದರೆ ಇಲ್ಲಿ ಶೇ. 4ಕ್ಕೆ ನಿಲ್ಲಿಸಬೇಕು. ಹಾಗಾಗಿ ‘ಶೇ. 20 ಪ್ಲಾಟಿನಂ’ ಅಂತ ಬರೆದ ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ ಚಿತ್ರ ಕಂಡರೆ, ಮೊದಲು ಈ ಭಾಗಾಕಾರ ಮಾಡಿ ನೋಡಿ.

ಎರಡನೆಯ ಅಂಕಿ ವಾಹಕತೆ. ಎಷ್ಟು ಬೇಕು? ಪದರದ ದಪ್ಪ 10 ಮೈಕ್ರೋಮೀಟರ್ ಅಂತಿಟ್ಟುಕೊಳ್ಳಿ. ವಾಹಕತೆ ಸೆಂಟಿಮೀಟರಿಗೆ 0.1 ಸೀಮೆನ್ಸ್ ಇದ್ದರೆ ರೋಧ ಚದರ ಸೆಂಟಿಮೀಟರಿಗೆ 10 ಮಿಲಿಓಮ್. ಅಷ್ಟೇ ಜಾಗದಿಂದ 1.5 ಆಂಪಿಯರ್ ಎಳೆದಾಗ ಹೆಚ್ಚೆಂದರೆ 15 ಮಿಲಿವೋಲ್ಟ್ ನಷ್ಟ, ತಡೆದುಕೊಳ್ಳಬಹುದು. ಅದೇ 0.01ಕ್ಕೆ ಇಳಿದರೆ 150 ಮಿಲಿವೋಲ್ಟ್, ಕೋಶದ ಕಥೆ ಮುಗಿದಂತೆ. ಆದ್ದರಿಂದ 0.1 ಅನ್ನುವುದು ನನ್ನ ಗೆರೆ. ಹೊಸ ಪುಡಿಯಲ್ಲಿ ಅಲ್ಲ, ಆಮ್ಲದಲ್ಲಿ ನೆನೆದು, ವೋಲ್ಟೇಜ್ ಉಂಡು ಬಂದ ಪುಡಿಯಲ್ಲಿ. ತೆಳು ಫಿಲ್ಮಿನ ವಾಹಕತೆಯನ್ನು ಪುಡಿಗೆ ಆರೋಪಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಫಿಲ್ಮಿನಲ್ಲಿ ಕಣಗಳ ನಡುವಿನ ಗಡಿಗಳು ಕಡಿಮೆ. ಪುಡಿಯಲ್ಲಿ ಪ್ರತಿ ಗಡಿಯೂ ಒಂದು ಗೇಟು.

ಬಣ್ಣದ ಕಡೆಗೂ ಗಮನವಿರಲಿ. ಇದನ್ನು ಯಾವ ಉಪಕರಣವೂ ಇಲ್ಲದೆ ಕಲಿಯಬಹುದು. ಬೆಳ್ಳಗಿನ ಪುಡಿ ಎಂದರೆ ಎಲೆಕ್ಟ್ರಾನ್‌ಗಳಿಗೆ ದಾರಿಯಿಲ್ಲ. ನೀಲಿ, ಬೂದುನೀಲಿ, ಕಡುಕಪ್ಪಿಗೆ ತಿರುಗಿದರೆ ಒಳಗೆ ಓಡಾಡುವ ಎಲೆಕ್ಟ್ರಾನ್‌ಗಳಿರಬಹುದು. ಆಂಟಿಮನಿ ಬೆರೆತ ತವರದ ಆಕ್ಸೈಡ್ ಮಾಸಲು ನೀಲಿ, ಟೈಟಾನಿಯಂನ ಕೊರೆ ಆಕ್ಸೈಡ್ (ಆಕ್ಸಿಜನ್ ಸ್ವಲ್ಪ ಕಮ್ಮಿ ಇರುವುದು) ನೀಲಿಗಪ್ಪು. ಕುಲುಮೆಯಿಂದ ಹೊರಗೆ ತೆಗೆದಾಗಿನ ಬಣ್ಣ, ಪ್ಲಾಟಿನಂ ಇಡುವ ಮುಂಚಿನ ಬಣ್ಣ, ಆಮ್ಲದಿಂದ ತೆಗೆದ ಮೇಲಿನ ಬಣ್ಣ, ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತವರದ ಆಕ್ಸೈಡ್: ಕ್ಯಾಥೋಡ್‌ಗೆ ನನ್ನ ಮೊದಲ ಆಯ್ಕೆ

ಕ್ಯಾಥೋಡ್‌ನ ಬಿಸಿ, ಆಮ್ಲ, ಆಕ್ಸಿಜನ್, ಆಗಾಗ 1.5 ವೋಲ್ಟ್ ಇವಿಷ್ಟನ್ನೂ ತವರದ ಆಕ್ಸೈಡ್ ಚೆನ್ನಾಗಿ ತಡೆದುಕೊಳ್ಳುತ್ತದೆ. ತವರ ಆಗಲೇ +4ರ ಆಕ್ಸಿಡೀಕರಣ ಸ್ಥಿತಿಯಲ್ಲಿದೆ, ಅದಕ್ಕಿಂತ ಮೇಲೆ ಹೋಗುವ ಆಸೆ ಅದಕ್ಕಿಲ್ಲ. ಶುದ್ಧ ರೂಪದಲ್ಲಿ ಅದರ ಬ್ಯಾಂಡ್ ಅಂತರ (ಎಲೆಕ್ಟ್ರಾನ್ ಬಿಡುಗಡೆಯಾಗಿ ಓಡಾಡಲು ದಾಟಬೇಕಾದ ಶಕ್ತಿ) 3.6 ಎಲೆಕ್ಟ್ರಾನ್‌ವೋಲ್ಟ್, ಆದ್ದರಿಂದ ವಾಹಕವಲ್ಲ. ಬೇರೆ ಲೋಹ ಸ್ವಲ್ಪ ಬೆರೆಸಬೇಕು. ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ: ಆಂಟಿಮನಿ, ನಿಯೋಬಿಯಂ, ಟ್ಯಾಂಟಲಂ.

ಆಂಟಿಮನಿ ಬೆರೆಸುವುದು ಸುಲಭ, ವಾಹಕತೆಯೂ ಮೂರರಲ್ಲಿ ಅತಿ ಹೆಚ್ಚು. ಅದಕ್ಕೇ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ತೊಂದರೆ ಏನೆಂದರೆ ಆಂಟಿಮನಿಗೆ ಎರಡು ಮುಖ: +5 ಮತ್ತು +3. ಅದು ಕಣದ ಒಳಗೆ ಸಮನಾಗಿ ಹರಡಿಕೊಂಡು ಇರದೆ ಮೇಲ್ಮೈಗೆ ಬಂದು ಸೇರುತ್ತದೆ. ವೋಲ್ಟೇಜ್ ಕೆಳಗಿಳಿದಾಗ +3ಕ್ಕೆ ಇಳಿದು ಆಮ್ಲಕ್ಕೆ ಜಾರಿಹೋಗುತ್ತದೆ. ಹೋದ ಆಂಟಿಮನಿ ಪೊರೆಯೊಳಗೂ ಸೇರಬಹುದು, ಪ್ಲಾಟಿನಂ ಮೇಲೂ ಕೂರಬಹುದು. ವಾಹಕತೆ ಕೊಟ್ಟದ್ದೇ ಸೋರಿಹೋದರೆ ಉಳಿಯುವುದು ಬಿಳಿ ಪುಡಿ. ಹೆಚ್ಚು ವೋಲ್ಟೇಜಿನಲ್ಲೇ ಇರುವ ಪ್ರಯೋಗಗಳಲ್ಲಿ ಈ ದೋಷ ಕಾಣುವುದೇ ಇಲ್ಲ. ಅದಕ್ಕೇ ಆಂಟಿಮನಿಯ ಬಗ್ಗೆ ಬಂದಿರುವ ಕೆಲವು ಸುಂದರ ಫಲಿತಾಂಶಗಳನ್ನು ಓದುವಾಗ, ಅವರು ವೋಲ್ಟೇಜನ್ನು ಎಷ್ಟು ಕೆಳಗೆ ಇಳಿಸಿದ್ದರು ಅಂತ ನೋಡಿಕೊಳ್ಳುತ್ತೇನೆ.

ನಿಯೋಬಿಯಂ, ಟ್ಯಾಂಟಲಂ ಎರಡೂ +5ರಲ್ಲೇ ಗಟ್ಟಿಯಾಗಿ ಕೂರುತ್ತವೆ, ಆಮ್ಲಕ್ಕೆ ಜಗ್ಗುವುದಿಲ್ಲ. ಬೆಲೆ ತೆರಬೇಕಾದದ್ದು ವಾಹಕತೆಯಲ್ಲಿ. ತವರದ ಆಕ್ಸೈಡ್ ಇವನ್ನು ಕೆಲವೇ ಶೇಕಡಾ ಒಳಗೆ ಸೇರಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಬೇರೆ ಹರಳಾಗಿ ಕಣಗಳ ಅಂಚಿನಲ್ಲಿ ನಿಂತು ದಾರಿಗೇ ಅಡ್ಡಬರುತ್ತದೆ. ಇಲ್ಲಿ ಜಪಾನಿನ ಯಮನಾಶಿ ವಿಶ್ವವಿದ್ಯಾಲಯದವರ ಉಪಾಯ ನನಗೆ ತುಂಬಾ ಮೆಚ್ಚುಗೆ. ಜ್ವಾಲೆಯಲ್ಲಿ ಪುಡಿ ತಯಾರಿಸುವಾಗಲೇ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಸರಪಳಿಯಾಗುವಂತೆ ಮಾಡಿದರು. ಕಾರ್ಬನ್ ಮಸಿಯ ಒಳರಚನೆಯೂ ಇದೇ ಅಲ್ಲವೇ, ಮಣಿಗಳನ್ನು ಬೆಸೆದ ಸರ? ಕಣಗಳು ಬರೀ ತಾಗಿಕೊಂಡು ಕೂತಿದ್ದರೆ ಪ್ರತಿ ಸಂದಿಯಲ್ಲೂ ಎಲೆಕ್ಟ್ರಾನ್ ತಡವರಿಸುತ್ತದೆ. ಕತ್ತು ಬೆಸೆದುಕೊಂಡಿದ್ದರೆ ಸರಾಗವಾಗಿ ಹಾಯುತ್ತದೆ. ಸರಗಳ ನಡುವೆ ಉಳಿಯುವ ಸಂದುಗಳಲ್ಲಿ ಆಕ್ಸಿಜನ್ ಓಡಾಡುತ್ತದೆ. ಬೆರಕೆಯ ಪ್ರಮಾಣ ಹೆಚ್ಚಿಸಲು ಹೆಣಗುವುದಕ್ಕಿಂತ ಕಣಗಳ ಕತ್ತಿನ ಕಡೆ ಗಮನ ಕೊಟ್ಟರೆ ಹೆಚ್ಚು ಲಾಭ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವಿದ್ಯುತ್ತಿನ ಸೆಳೆತದಿಂದ ನೂತು ಮಾಡುವ ನ್ಯಾನೊ ನಾರುಗಳೂ ಇದೇ ದಾರಿಯವು. ಎಳೆ ಉದ್ದವಿದ್ದಷ್ಟೂ ಗಡಿಗಳು ಕಡಿಮೆ.

ತವರ ಸೋಲುವ ಜಾಗ ಕೆಳಗಿದೆ. ಪ್ಲಾಟಿನಂ ಪಕ್ಕದಲ್ಲಿ ಹೈಡ್ರೋಜನ್ ಸಿಕ್ಕಿದರೆ ತವರದ ಆಕ್ಸೈಡ್ ಲೋಹದ ಕಡೆಗೆ ವಾಲುತ್ತದೆ, ಪ್ಲಾಟಿನಂ ಜೊತೆ ಮಿಶ್ರಲೋಹವಾಗುತ್ತದೆ. ಆದ್ದರಿಂದ ಆನೋಡ್‌ಗೆ ಇದನ್ನು ಹಾಕಬೇಡಿ. ತಯಾರಿಯಲ್ಲೂ ಇದೇ ಎಚ್ಚರ: ಪ್ಲಾಟಿನಂ ಉಪ್ಪನ್ನು ಲೋಹವಾಗಿಸಲು ಹೈಡ್ರೋಜನ್ ಬಿಡುವಾಗ 200 ಡಿಗ್ರಿ ದಾಟುವ ಮುನ್ನ ಎರಡು ಸಲ ಯೋಚಿಸಿ. ಎಕ್ಸ್‌ರೇ ವಿವರ್ತನೆಯ ಚಿತ್ರದಲ್ಲಿ ಪ್ಲಾಟಿನಂನ ಶಿಖರ ಎಡಕ್ಕೆ ಜರುಗಿದ್ದರೆ ತವರ ಒಳಗೆ ಸೇರಿದೆ ಅಂತಲೇ ಲೆಕ್ಕ.

ಸಿಂಪಡಿಸಿ ಪದರ ಮಾಡಲು ಪುಡಿಯನ್ನು ದ್ರವದಲ್ಲಿ ಕಲಸಿ ಇಂಕ್ ಮಾಡುವಾಗ ಒಂದು ಸಣ್ಣ ವಿಷಯ. ಕಾರ್ಬನ್ ಇಂಕ್ ಮಾಡಿ ಅಭ್ಯಾಸವಾದ ಕೈಗೆ ಇದು ಬೇರೆ ಥರ. ಅಲ್ಟ್ರಾಸೌಂಡ್‌ನಿಂದ ತೆಗೆದು ಮೇಜಿನ ಮೇಲಿಟ್ಟ ಶೀಶೆಯಲ್ಲಿ ಸ್ವಲ್ಪ ಹೊತ್ತಿಗೇ ತಳದಲ್ಲಿ ಒಂದು ಗೆರೆ ಕಾಣಿಸುತ್ತದೆ, ಮೇಲೆ ತಿಳಿ. ಭಾರವಾದ ಪುಡಿ ಇಳಿಯುತ್ತಿದೆ. ಅದನ್ನು ಗಮನಿಸದೆ ಸಿಂಪಡಿಸಿದರೆ ಮೊದಲ ಕೋಶಕ್ಕೂ ಕೊನೆಯ ಕೋಶಕ್ಕೂ ಪ್ಲಾಟಿನಂ ಪ್ರಮಾಣವೇ ಬೇರೆಯಾಗುತ್ತದೆ. ಪದರದಲ್ಲಿ ಪ್ರೋಟಾನ್ ಸಾಗಿಸುವ ಪಾಲಿಮರ್ ಆದ ಅಯಾನೋಮರ್ ಪ್ರಮಾಣವನ್ನೂ ಕಾರ್ಬನ್‌ನ ಹಾಗೆ ತೂಕದ ಅನುಪಾತದಲ್ಲಿ ಇಡಬೇಡಿ, ಗಾತ್ರದ ಅನುಪಾತಕ್ಕೆ ತಿರುಗಿಸಿಕೊಳ್ಳಿ. ಇಲ್ಲದಿದ್ದರೆ ತೆಳುವಾದ ಆಕ್ಸೈಡ್ ಪದರ ಅಯಾನೋಮರ್‌ನಲ್ಲೇ ಮುಳುಗುತ್ತದೆ. ಆಕ್ಸೈಡ್‌ನ ಮೈ ನೀರನ್ನು ಪ್ರೀತಿಸುತ್ತದೆ, ಪದರವೂ ತೆಳು, ಹೆಚ್ಚು ಕರೆಂಟಿನಲ್ಲಿ ನೀರು ತುಂಬಿಕೊಂಡು ಆಕ್ಸಿಜನ್‌ಗೆ ದಾರಿ ಮುಚ್ಚುವ ಸಂಭವ ಕಾರ್ಬನ್‌ಗಿಂತ ಹೆಚ್ಚು.

ಟೈಟಾನಿಯಂ ಬಳಗ

ಟೈಟಾನಿಯಂ ಡೈಆಕ್ಸೈಡ್ ಆಮ್ಲದಲ್ಲಿ ಕಲ್ಲಿನಂತೆ ಗಟ್ಟಿ, ಅಗ್ಗ, ವಿಷವಲ್ಲ, ಎಲ್ಲ ಕಡೆ ಸಿಗುತ್ತದೆ. ರುಟೈಲ್ ರೂಪಕ್ಕೆ 3.0, ಅನಟೇಸ್‌ಗೆ 3.2 ಎಲೆಕ್ಟ್ರಾನ್‌ವೋಲ್ಟ್ ಬ್ಯಾಂಡ್ ಅಂತರ, ಅಲ್ಲಿಗೆ ಇದೂ ಅವಾಹಕವೇ. ಸರಿಪಡಿಸಲು ಎರಡು ದಾರಿ.

ಮೊದಲನೆಯದು ಸ್ವಲ್ಪ ಆಕ್ಸಿಜನ್ ಕಿತ್ತು ಹಾಕುವುದು. ಸ್ವೀಡನ್ನಿನ ಹರಳುವಿಜ್ಞಾನಿ ಆರ್ನೆ ಮ್ಯಾಗ್ನೆಲಿ ಅವರ ಹೆಸರಿನಲ್ಲಿ ಕರೆಯುವ ಈ ಕೊರೆ ಆಕ್ಸೈಡ್‌ಗಳಲ್ಲಿ ಪ್ರಸಿದ್ಧವಾದದ್ದು ನಾಲ್ಕು ಟೈಟಾನಿಯಂಗೆ ಏಳು ಆಕ್ಸಿಜನ್ ಇರುವುದು. ಹರಳಿನ ರೂಪದಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ ಸಾವಿರ ಸೀಮೆನ್ಸ್ ಮಟ್ಟದ್ದು. ಓದಿದ ತಕ್ಷಣ ಇನ್ನೇನು ಬೇಕು ಅನಿಸುತ್ತದೆ. ಆದರೆ ಅದನ್ನು ಮಾಡಲು ಹೈಡ್ರೋಜನ್‌ನಲ್ಲಿ ಸುಮಾರು 1000 ಡಿಗ್ರಿಗೆ ಕಾಯಿಸಬೇಕು. ಆ ಶಾಖಕ್ಕೆ ಕಣಗಳು ಕೂಡಿಕೊಂಡು ಗಟ್ಟಿಯಾಗಿ, ಗ್ರಾಂಗೆ ಒಂದೆರಡು ಚದರ ಮೀಟರ್ ಉಳಿದರೆ ಹೆಚ್ಚು. ಪ್ಲಾಟಿನಂ ಎಲ್ಲಿ ಕೂರಬೇಕು? ಸಿಲಿಕಾ ಹೊದಿಸಿ ಕಾಯಿಸಿ ಆಮೇಲೆ ಸಿಲಿಕಾ ಕರಗಿಸುವುದು, ಕಾರ್ಬನ್ ಹೊದಿಕೆಯೊಳಗೆ ಕಾಯಿಸುವುದು ಇತ್ಯಾದಿ ಉಪಾಯಗಳಿವೆ. ಕೆಲಸ ಮಾಡುತ್ತವೆ, ಆದರೆ ಒಂದೊಂದು ಹೆಜ್ಜೆಯೂ ಪ್ರಯೋಗಾಲಯದಿಂದ ಕಾರ್ಖಾನೆಯ ದಾರಿಯನ್ನು ಉದ್ದ ಮಾಡುತ್ತದೆ.

ಎರಡನೆಯದು ನಿಯೋಬಿಯಂ, ಮಾಲಿಬ್ಡಿನಂ, ಟಂಗ್‌ಸ್ಟನ್ ಬೆರೆಸುವುದು. ನಿಯೋಬಿಯಂ ಬೆರೆಸಿ ಗಾಳಿಯಲ್ಲಿ ಸುಟ್ಟರೆ ಪ್ರಯೋಜನವಿಲ್ಲ. ಹೆಚ್ಚಾದ ವಿದ್ಯುದಂಶವನ್ನು ಟೈಟಾನಿಯಂ ಖಾಲಿಜಾಗಗಳು ಸರಿದೂಗಿಸಿಬಿಡುತ್ತವೆ, ಪುಡಿ ಬಿಳಿಯಾಗಿಯೇ ಉಳಿಯುತ್ತದೆ. ಹೈಡ್ರೋಜನ್‌ನಲ್ಲಿ ಕಾಯಿಸಿದಾಗಲೇ ಕಪ್ಪುನೀಲಿ ಬರುವುದು. ನಾನೇ ಒಮ್ಮೆ ಹಾಗೆ ಬಂದ ಪುಡಿಯನ್ನು ನೋಡಿ ಹಿಗ್ಗಿ, ಪ್ಲಾಟಿನಂ ಇಟ್ಟು, ಒಣಗಿಸುವಾಗ ಒಲೆಯ ಶಾಖ ಗಾಳಿಯಲ್ಲಿ ತುಸು ಹೆಚ್ಚಿಗೆ ಬಿಟ್ಟಿದ್ದೆ. ಹೊರತೆಗೆದರೆ ಬೂದಿಯ ಬಣ್ಣ. ಬಿಲ್ಲೆ ಒತ್ತಿ ಮೀಟರ್ ಇಟ್ಟಾಗ ಮುಳ್ಳು ಅಲುಗಲಿಲ್ಲ. ಒಂದು ತಿಂಗಳ ಕೆಲಸ ಒಂದು ರಾತ್ರಿಯ ಒಲೆಯಲ್ಲಿ ಹೋಯಿತು.

ಕ್ಯಾಥೋಡ್‌ನಲ್ಲಿ ಆಗುವುದೂ ಅದೇ, ನಿಧಾನವಾಗಿ. ಹೆಚ್ಚು ವೋಲ್ಟೇಜಿನಲ್ಲಿ ಕೊರೆ ಆಕ್ಸೈಡ್‌ನ ಮೇಲ್ಪದರ ಮತ್ತೆ ಪೂರ್ತಿ ಆಕ್ಸಿಜನ್ ತೆಗೆದುಕೊಂಡು ಅವಾಹಕ ತೊಗಲಾಗುತ್ತದೆ. ಕರಗುವುದಿಲ್ಲ, ಸವೆಯುವುದಿಲ್ಲ. ಪ್ಲಾಟಿನಂಗೂ ಒಳಗಿನ ವಾಹಕಕ್ಕೂ ನಡುವೆ ಒಂದು ಗೋಡೆ ಎದ್ದುಬಿಡುತ್ತದೆ, ಅಷ್ಟೆ.

ಆನೋಡ್ ಕಡೆ ಚಿತ್ರ ಬೇರೆ. ಅಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರ, ಸುತ್ತಲೂ ಹೈಡ್ರೋಜನ್. ಟೈಟಾನಿಯಂಗೆ ಅದು ಹಿತವಾದ ಜಾಗ. ಆನೋಡ್‌ಗೆ ಇಂಧನ ಕೊರತೆಯಾದಾಗ ಕೋಶ ತಿರುಗುಮುರುಗಾಗಿ ಆನೋಡ್ 1.5 ವೋಲ್ಟ್ ದಾಟುತ್ತದೆ, ಕಾರ್ಬನ್ ಉರಿಯುತ್ತದೆ. ಟೈಟಾನಿಯಂ ಆಸರೆಯ ಜೊತೆ ಸ್ವಲ್ಪ ಇರಿಡಿಯಂ ಆಕ್ಸೈಡ್ ಇಟ್ಟರೆ ಆ ಕರೆಂಟು ನೀರನ್ನು ಒಡೆಯಲು ಹೋಗುತ್ತದೆ, ಆಸರೆ ಉಳಿಯುತ್ತದೆ. ಟೈಟಾನಿಯಂ ಬಳಗ ತನ್ನ ಬೆಲೆ ತೋರಿಸುವುದು ಇಲ್ಲಿ ಅಂತ ನನಗನಿಸುತ್ತದೆ.

ಪ್ಲಾಟಿನಂ ಇಡುವಾಗ 1978ರಲ್ಲಿ ಟೌಸ್ಟರ್ ಮತ್ತು ಸಹೋದ್ಯೋಗಿಗಳು ತೋರಿಸಿದ ಸಂಗತಿ ನೆನಪಿರಲಿ. ಹೈಡ್ರೋಜನ್‌ನಲ್ಲಿ 500 ಡಿಗ್ರಿಗೆ ಕಾಯಿಸಿದರೆ ಟೈಟಾನಿಯಂ ಮೇಲಿರುವ ಪ್ಲಾಟಿನಂ ಅನಿಲಗಳನ್ನು ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಕೊರೆ ಆಕ್ಸೈಡ್ ತೆವಳಿ ಬಂದು ಕಣವನ್ನು ಹೊದ್ದುಕೊಳ್ಳುತ್ತದೆ ಅನ್ನುವುದು ಆಮೇಲೆ ಸ್ಪಷ್ಟವಾಯಿತು. ಆಸರೆಗೂ ಲೋಹಕ್ಕೂ ಇರುವ ಈ ಗಟ್ಟಿ ಅಂಟು ಹಿತಮಿತವಾಗಿದ್ದರೆ ಕಣ ಕಳಚುವುದಿಲ್ಲ. ಅತಿಯಾದರೆ ಉಸಿರೇ ಕಟ್ಟುತ್ತದೆ.

ಟಂಗ್‌ಸ್ಟನ್ ಆಕ್ಸೈಡ್

ಇದನ್ನು ಒಮ್ಮೆ ಕಣ್ಣಾರೆ ನೋಡಬೇಕು. ನಿಂಬೆಹಳದಿ ಪುಡಿಗೆ ತುಸು ಪ್ಲಾಟಿನಂ ಹಚ್ಚಿ, ಕೋಣೆಯ ತಾಪಮಾನದಲ್ಲೇ ಹೈಡ್ರೋಜನ್ ಹಾಯಿಸಿ. ಪುಡಿ ಕಣ್ಣೆದುರೇ ಕಡುನೀಲಿಯಾಗುತ್ತದೆ. ಪ್ಲಾಟಿನಂ ಮೇಲೆ ಒಡೆದ ಹೈಡ್ರೋಜನ್ ಪರಮಾಣುಗಳು ಆಕ್ಸೈಡ್ ಒಳಗೆ ಹರಿದುಹೋಗಿ, ಅದನ್ನು ‘ಟಂಗ್‌ಸ್ಟನ್ ಬ್ರಾಂಜ್’ ಎಂಬ ವಾಹಕವನ್ನಾಗಿ ಮಾಡುತ್ತವೆ. ಗಾಳಿ ಬಿಟ್ಟರೆ ಮತ್ತೆ ಹಳದಿಗೆ ಮರಳುತ್ತದೆ, ವಾಹಕತೆಯೂ ಹೋಗುತ್ತದೆ.

ಈ ಗುಣದಿಂದಾಗಿ ಕ್ಯಾಥೋಡ್‌ಗೆ ಇದು ಸಲ್ಲ. ಆದರೆ ಆನೋಡ್‌ನಲ್ಲಿ ಇದೇ ಗುಣ ವರವಾಗುತ್ತದೆ. ಹೈಡ್ರೋಜನ್ ಇರುವಾಗ ವಾಹಕ, ಗಾಳಿ ನುಸುಳಿದಾಗ ಅವಾಹಕ. ಚಾಲೂ ಮಾಡುವ ಹೊತ್ತಿನ ಅನಾಹುತ ನಡೆಯಬೇಕಾದರೆ ಆನೋಡ್‌ನಲ್ಲಿರುವ ಗಾಳಿಯ ಆಕ್ಸಿಜನ್ ಎಲೆಕ್ಟ್ರಾನ್ ಪಡೆಯಲೇಬೇಕು. ಆಸರೆಯೇ ಬಾಗಿಲು ಮುಚ್ಚಿದರೆ ಆ ಕ್ರಿಯೆ ಕುಂಟುತ್ತದೆ, ಎದುರಿನ ಕ್ಯಾಥೋಡ್‌ನ ಕಾರ್ಬನ್ ಉಳಿಯುತ್ತದೆ. ಆನೋಡ್‌ನ ಆಸರೆ ಬದಲಿಸಿ ಕ್ಯಾಥೋಡನ್ನು ಕಾಪಾಡುವ ಈ ಯೋಚನೆ ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ಚೆಂದದ ಯೋಚನೆಗಳಲ್ಲಿ ಒಂದು. ಕೊರತೆ ಎಂದರೆ ವೋಲ್ಟೇಜ್ ಏರಿಳಿದಂತೆ ಟಂಗ್‌ಸ್ಟನ್ ಆಮ್ಲದಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತಾ ಹೋಗುತ್ತದೆ. ಎಷ್ಟು ಬೇಗ ಅನ್ನುವುದನ್ನು ನಿಮ್ಮ ಕೋಶದಲ್ಲೇ ಅಳೆಯಬೇಕು.

ರುಥೇನಿಯಂ ಮತ್ತು ಇಂಡಿಯಂ: ಅಳತೆಗೋಲಾಗಿ ಮಾತ್ರ

ರುಥೇನಿಯಂ–ಟೈಟಾನಿಯಂ ಆಕ್ಸೈಡ್ 1960ರ ದಶಕದಿಂದ ಕ್ಲೋರಿನ್ ಕಾರ್ಖಾನೆಗಳ ಎಲೆಕ್ಟ್ರೋಡ್‌ಗಳ ಮೇಲೆ ದುಡಿಯುತ್ತಿರುವ ವಸ್ತು. ವಾಹಕತೆ ಲೋಹದಂಥದ್ದು. ಆಸರೆಯಾಗಿಯೂ ಹೆಚ್ಚು ವೋಲ್ಟೇಜಿನ ಪರೀಕ್ಷೆಗಳಲ್ಲಿ ಕಾರ್ಬನನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಆದರೆ ಲೆಕ್ಕ ನೋಡಿ. ಎರಡೂ ಆಕ್ಸೈಡ್ ಸಮಸಮ ಅಣುಗಳಲ್ಲಿ ಬೆರೆತರೆ ತೂಕದ ಸುಮಾರು ಶೇ. 47 ರುಥೇನಿಯಂ. ಚದರ ಸೆಂಟಿಮೀಟರಿಗೆ 0.2 ಮಿಲಿಗ್ರಾಂ ಆಸರೆ ಹಾಕಿದರೆ ಅದರಲ್ಲೇ 0.09 ಮಿಲಿಗ್ರಾಂ ಮೀರಿ ರುಥೇನಿಯಂ ಇರುತ್ತದೆ. ಅಮೆರಿಕದ ಇಂಧನ ಇಲಾಖೆ ವಾಹನಗಳಿಗೆ 2020ಕ್ಕೆಂದು ಇಟ್ಟಿದ್ದ ಗುರಿಯಲ್ಲಿ ಪ್ಲಾಟಿನಂ ಗುಂಪಿನ ಲೋಹಗಳೆಲ್ಲ ಸೇರಿ 0.125 ಮಿಲಿಗ್ರಾಂ. ರುಥೇನಿಯಂ ಕೂಡ ಆ ಗುಂಪಿನದ್ದೇ. ಪ್ಲಾಟಿನಂ ಉಳಿಸಲು ಹೋಗಿ ಇನ್ನೊಂದು ದುಬಾರಿ ಲೋಹವನ್ನು ಆಸರೆಗೆ ಸುರಿದಂತಾಯಿತು. ಅಷ್ಟಲ್ಲದೆ 1.4 ವೋಲ್ಟ್ ಮೇಲೆ ರುಥೇನಿಯಂ ಆಕ್ಸೈಡ್ ಆಮ್ಲದಲ್ಲಿ ನಿಧಾನಕ್ಕೆ ಸವೆಯುತ್ತದೆ.

ಇಂಡಿಯಂ–ತವರದ ಆಕ್ಸೈಡ್ ಆಮ್ಲ ತುಂಬಿದ ಪಾತ್ರೆಯ ಪ್ರಯೋಗಗಳಲ್ಲಿ ಬಹಳ ಚೆನ್ನಾಗಿ ಕಂಡಿತು. ಬಿಸಿ, ತೇವ ಎರಡೂ ಇರುವ ನಿಜವಾದ ಕೋಶದೊಳಗೆ ಅದರ ಮೇಲ್ಮೈ ಹೈಡ್ರಾಕ್ಸೈಡ್ ಆಗಿ ವಾಹಕತೆ ಕಳೆದುಕೊಂಡಿತು. ನಿಮ್ಮ ಮಾದರಿಗಳ ಪಕ್ಕದಲ್ಲಿ ಹೋಲಿಕೆಗೆ ಇವೆರಡನ್ನೂ ಇಟ್ಟುಕೊಳ್ಳಿ. ಮುಂದಕ್ಕೆ ಒಯ್ಯಲು ಅಲ್ಲ.

ಕಾರ್ಬನ್ ಮೇಲೆ ಆಕ್ಸೈಡ್, ಆಕ್ಸೈಡ್ ಮೇಲೆ ಪ್ಲಾಟಿನಂ

ಶುದ್ಧ ಆಕ್ಸೈಡ್ ಬೇಕೆಂಬ ಹಟ ಬಿಟ್ಟರೆ ಒಂದು ನಡುದಾರಿಯಿದೆ. ಗ್ರಾಫೈಟ್ ಗುಣದ ಕಾರ್ಬನ್ ನಾರುಗಳ ಮೇಲೆ ತವರದ ಆಕ್ಸೈಡ್‌ನ ಸಣ್ಣ ಕಣ ಬೆಳೆಸಿ, ಪ್ಲಾಟಿನಂ ಆಕ್ಸೈಡ್ ಮೇಲಷ್ಟೇ ಕೂರುವಂತೆ ಮಾಡುವುದು. ಕ್ಯೂಶೂ ವಿಶ್ವವಿದ್ಯಾಲಯದವರು ಈ ದಾರಿಯಲ್ಲಿ ಬಹಳ ಕೆಲಸ ಮಾಡಿದ್ದಾರೆ. ಉದ್ದ ದಾರಿಗೆ ಕಾರ್ಬನ್ ವಾಹಕ, ಕೊನೆಯ ಕೆಲವು ನ್ಯಾನೊಮೀಟರ್ ಮಾತ್ರ ಆಕ್ಸೈಡ್ ದಾಟಬೇಕು, ಹಾಗಾಗಿ ವಾಹಕತೆಯ ಚಿಂತೆ ಬಹುಪಾಲು ಇಳಿಯುತ್ತದೆ. ಪ್ಲಾಟಿನಂ ನೇರವಾಗಿ ಕಾರ್ಬನ್ ಮುಟ್ಟದೆ ಇರುವುದರಿಂದ ಉರಿಯುವ ವೇಗವೂ ತಗ್ಗುತ್ತದೆ. ಪ್ಲಾಟಿನಂ ಕಾರ್ಬನ್ ಮೇಲೂ ಬಿದ್ದರೆ ಎಲ್ಲ ವ್ಯರ್ಥ. ಮೇಲ್ಮೈಯ ವಿದ್ಯುದಂಶ ಇಲ್ಲಿ ಸಹಾಯಕ್ಕೆ ಬರುತ್ತದೆ. ತವರದ ಆಕ್ಸೈಡ್‌ನ ಮೈ ಪಿಎಚ್ 4–5ರ ಕೆಳಗೆ ಧನ, ಟೈಟಾನಿಯಂನದ್ದು 6ರ ಕೆಳಗೆ. ಅಲ್ಲಿಗೆ ಋಣ ಅಯಾನಾಗಿರುವ ಕ್ಲೋರೋಪ್ಲಾಟಿನೇಟ್ ಎಂಬ ಪ್ಲಾಟಿನಂ ಸಂಯುಕ್ತ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಟಂಗ್‌ಸ್ಟನ್ ಆಕ್ಸೈಡ್ ಬಹುತೇಕ ಯಾವಾಗಲೂ ಋಣ. ಅದಕ್ಕೆ ಅಮೋನಿಯಾ ಜೊತೆಗಿನ ಧನ ಪ್ಲಾಟಿನಂ ಉಪ್ಪು ಬೇಕು.

ನಾನಾದರೆ

ದಿನಕ್ಕೆ ಹತ್ತಾರು ಸಲ ನಿಂತು ಹೊರಡುವ ವಾಹನದ ಕ್ಯಾಥೋಡ್‌ಗೆ ನಿಯೋಬಿಯಂ ಅಥವಾ ಟ್ಯಾಂಟಲಂ ಬೆರೆತ, ಕಣಗಳು ಬೆಸೆದಿರುವ ತವರದ ಆಕ್ಸೈಡ್ ಹಿಡಿಯುತ್ತೇನೆ. ಎರಡು ವರ್ಷದೊಳಗೆ ಚಾಲೂ ಆಗುವ ಕೋಶವನ್ನು ಕೈಗೆ ಕೊಡಲೇಬೇಕು ಎಂದಾದರೆ ಕಾರ್ಬನ್ ನಾರಿನ ಮೇಲಿನ ತವರದ ಆಕ್ಸೈಡ್. ಇಂಧನ ಕೊರತೆಯೇ ಮುಖ್ಯ ಭಯವಾದ ಆನೋಡ್‌ಗೆ ಇರಿಡಿಯಂ ಆಕ್ಸೈಡ್ ಜೊತೆಗಿನ ಟೈಟಾನಿಯಂ ಬಳಗ. ಕ್ಯಾಥೋಡನ್ನು ಮುಟ್ಟದೆ ಚಾಲೂ ಹೊತ್ತಿನ ಸವೆತ ತಗ್ಗಿಸಬೇಕಾದರೆ ಆನೋಡ್‌ನಲ್ಲಿ ಟಂಗ್‌ಸ್ಟನ್. ಹಗಲೂ ರಾತ್ರಿ ಒಂದೇ ಸಮನೆ ಓಡುವ, ವರ್ಷಕ್ಕೆ ಕೆಲವೇ ಸಲ ನಿಲ್ಲುವ ಕೋಶಕ್ಕೆ ಗ್ರಾಫೈಟ್ ಕಾರ್ಬನ್. ಅಲ್ಲಿ ಆಕ್ಸೈಡ್ ಬೇಡ. ಕ್ಷಾರೀಯ ಪೊರೆಯ ಕೋಶವಾದರೆ ಈ ಪಟ್ಟಿಯನ್ನೇ ಮರೆತುಬಿಡಿ. ತವರ, ಟಂಗ್‌ಸ್ಟನ್ ಎರಡೂ ಗಾಢ ಕ್ಷಾರದಲ್ಲಿ ಕರಗುವಂಥವು, ಆಮ್ಲದಲ್ಲಿ ನಿಲ್ಲದ ಮ್ಯಾಂಗನೀಸ್, ನಿಕ್ಕಲ್ ಆಕ್ಸೈಡ್‌ಗಳಿಗೆ ಅಲ್ಲಿ ಜಾಗವಿದೆ.

ಆರಿಸಿದ ಮೇಲೆ ಪರೀಕ್ಷೆ

ಆಸರೆಗೆ ಅಮೆರಿಕದ ಇಂಧನ ಇಲಾಖೆಯ ಪರೀಕ್ಷೆ 1.0ರಿಂದ 1.5 ವೋಲ್ಟ್ ನಡುವೆ, ಸೆಕೆಂಡಿಗೆ 0.5 ವೋಲ್ಟ್ ವೇಗದಲ್ಲಿ 5,000 ಸುತ್ತು. ಸುತ್ತಿಗೆ 2 ಸೆಕೆಂಡಿನಂತೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಜಪಾನಿನ ಇಂಧನ ಕೋಶ ಒಕ್ಕೂಟದ ಕ್ರಮದಲ್ಲಿ ಅದೇ ವ್ಯಾಪ್ತಿಯಲ್ಲಿ 60,000 ಸುತ್ತು, 33 ಗಂಟೆಗೂ ಹೆಚ್ಚು. ಎರಡನೆಯದನ್ನೇ ಆರಿಸಿ. ಆದರೆ ಎರಡೂ ಪರೀಕ್ಷೆಗಳು ಹುಟ್ಟಿದ್ದು ಕಾರ್ಬನ್‌ನ ದೌರ್ಬಲ್ಯ ನೋಡಿ. ಅವು ಎಂದೂ 1.0ಕ್ಕಿಂತ ಕೆಳಗಿಳಿಯುವುದಿಲ್ಲ. ಆಂಟಿಮನಿ ಸೋರುವುದು, ತವರ ಲೋಹವಾಗುವುದು ಎಲ್ಲ ನಡೆಯುವುದು ಕೆಳಗೆ. ಆದ್ದರಿಂದ ಸೊನ್ನೆಯ ಹತ್ತಿರದಿಂದ 1.0ರವರೆಗೆ ಇನ್ನೊಂದು ಸರಣಿ ಸುತ್ತುಗಳನ್ನು ನೀವೇ ಸೇರಿಸಿ. ನಿಂತ ಕೋಶದ ಕ್ಯಾಥೋಡ್‌ಗೂ ಪೊರೆ ದಾಟಿ ಹೈಡ್ರೋಜನ್ ಬಂದೇ ಬರುತ್ತದೆ.

ಆಮ್ಲದ ಪಾತ್ರೆಯಲ್ಲಿ ತಿರುಗುವ ಡಿಸ್ಕಿನ ಎಲೆಕ್ಟ್ರೋಡ್ ಮೇಲಿನ ಫಲಿತಾಂಶಕ್ಕೆ ಅತಿಯಾಗಿ ನೆಚ್ಚಬೇಡಿ. ಅಲ್ಲಿ ಹರಿಯುವುದು ಚದರ ಸೆಂಟಿಮೀಟರಿಗೆ ಐದಾರು ಮಿಲಿಆಂಪಿಯರ್. ಕೋಶದಲ್ಲಿ ಅದರ 250 ಪಟ್ಟು. ವಾಹಕತೆ ಇಲ್ಲದ ಪುಡಿಯೂ ಡಿಸ್ಕಿನ ಮೇಲೆ ಚೆನ್ನಾಗಿ ಕಾಣುತ್ತದೆ. ಟಂಗ್‌ಸ್ಟನ್ ಇದ್ದರೆ ವೋಲ್ಟೇಜ್–ಕರೆಂಟ್ ಗ್ರಾಫಿನ ಹೈಡ್ರೋಜನ್ ಶಿಖರದಿಂದ ಪ್ಲಾಟಿನಂ ವಿಸ್ತೀರ್ಣ ಲೆಕ್ಕ ಹಾಕಬೇಡಿ, ಬ್ರಾಂಜ್ ಆಗುವಾಗ ಹೋಗುವ ಕರೆಂಟೂ ಅದರಲ್ಲಿ ಸೇರಿಕೊಂಡು ಅಂಕಿ ಉಬ್ಬುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೂರಿಸಿ ಕಿತ್ತು ಅಳೆಯಿರಿ.

ಇವೆಲ್ಲಕ್ಕೂ ಮೊದಲು, ಪ್ಲಾಟಿನಂ ಮುಟ್ಟುವ ಮುನ್ನವೇ, ಒಂದು ವಾರದ ಕೆಲಸವಿದೆ. ಬರೀ ಆಸರೆಯ ಪುಡಿಯನ್ನು ಬಿಲ್ಲೆ ಒತ್ತಿ ವಾಹಕತೆ ಬರೆದುಕೊಳ್ಳಿ. 80 ಡಿಗ್ರಿಯ ಸಲ್ಫ್ಯೂರಿಕ್ ಆಮ್ಲದಲ್ಲಿ ಒಂದು ದಿನ ಬಿಟ್ಟು, ತೊಳೆದು, ಒಣಗಿಸಿ, ಅದೇ ಒತ್ತಡದಲ್ಲಿ ಮತ್ತೆ ಬಿಲ್ಲೆ ಮಾಡಿ ಅಳೆಯಿರಿ. ಸೋಸಿದ ಆಮ್ಲವನ್ನು ಚೆಲ್ಲದೆ ಎತ್ತಿಟ್ಟು, ಬೆರೆಸಿದ ಲೋಹ ಎಷ್ಟು ಇಳಿದಿದೆ ಅಂತ ಪರೀಕ್ಷೆಗೆ ಕಳಿಸಿ. ವಾಹಕತೆ 0.1ರ ಗೆರೆಯ ಕೆಳಗೆ ಬಿದ್ದಿದ್ದರೆ ಆ ಪುಡಿಗೆ ಪ್ಲಾಟಿನಂ ಹಾಕಬೇಡಿ, ಕುಲುಮೆಗೆ ವಾಪಸು ಹೋಗಿ.